ಒಡೆಯದ ಕುಡಿಕೆ

ಎಲ್ಲಿ, ಊಹೆ ಮಾಡಿ ನೋಡೋಣ. ಒಂದು ಊರಿನ ಹಗ್ಗ ಹೋಯಿತು. ಹಗ್ಗ ಬೇಕು ಅನ್ನುವವರೇ ಜಾಸ್ತಿ ಇದ್ದರು, ಬೇಡ ಅನ್ನುವವರು ಕಡಿಮೆ. ಆದರೂ ಹೋಯಿತು. ಎಣಿಸಿದವರು ಮೋಸ ಮಾಡಲಿಲ್ಲ. ಎಣಿಕೆ ತಪ್ಪಲಿಲ್ಲ. ಯಾರೂ ಯಾರಿಗೂ ದೊಣ್ಣೆ ತೋರಿಸಲಿಲ್ಲ. ಹಾಗಾದರೆ ಏನಾಗಿರಬೇಕು?

ಬೇಕು ಅನ್ನುವವರು ಸೋಮಾರಿಗಳು, ಬಾಯಿ ಬಿಡಲಿಲ್ಲ ಅನ್ನುತ್ತೀರಿ. ಬಿಟ್ಟರು. ಅವರ ಮಾತು ದಾರಿಯಲ್ಲಿ ನೀರುಪಾಲಾಯಿತು ಅನ್ನುತ್ತೀರಿ. ಇಲ್ಲ, ಒಂದು ಹನಿ ನೀರೂ ಸೋಕದೆ ತಲುಪಬೇಕಾದ ಮನೆಗೇ ತಲುಪಿತು. ಮತ್ತೇನು? ಸೋತೆ ಅಂತ ಒಪ್ಪಿಕೊಳ್ಳಿ, ಹೇಳುತ್ತೇನೆ. ಆರಾಮಾಗಿ ಕೂತುಕೊಳ್ಳಿ, ಗೋಡೆಗೆ ಒರಗಿಕೊಂಡರೂ ಅಡ್ಡಿಯಿಲ್ಲ. ಒಂದೇ ಉಸಿರಿಗೆ ಮುಗಿಯುವ ಕಥೆ ಅಲ್ಲ ಇದು.

ಒಂದು ಮಂಜಿನೂರು. ಮಂಜು ಅಂದರೆ ಬೆಳಿಗ್ಗೆ ಬಂದು ಬಿಸಿಲು ಕಂಡೊಡನೆ ಓಡಿಹೋಗುವ ಮಂಜಲ್ಲ. ಹುಟ್ಟುವಾಗ ಇದ್ದದ್ದು ಸಾಯುವಾಗಲೂ ಇರುವ ಮಂಜು. ಚಾಚಿದ ಕೈಯ ಬೆರಳು ಚಾಚಿದವನಿಗೇ ಕಾಣದು. ಆ ಊರಿನಲ್ಲಿ ಯಾರೂ ಯಾರ ಮುಖವನ್ನೂ ಕಂಡವರಲ್ಲ. ಗಂಡ ಹೆಂಡತಿಯನ್ನು ಕಂಡಿಲ್ಲ, ತಾಯಿ ಮಗುವನ್ನು ಕಂಡಿಲ್ಲ. ಹೆಣ್ಣು ನೋಡುವ ಶಾಸ್ತ್ರವೇ ಅಲ್ಲಿಲ್ಲ. ಹೆಣ್ಣು ಕೇಳುವ ಶಾಸ್ತ್ರ. ಹುಡುಗನ ಕಡೆಯವರು ಬಂದು ಕೂತು, "ಒಂದೆರಡು ಮಾತಾಡಮ್ಮಾ" ಅನ್ನುತ್ತಿದ್ದರು. ಅವಳು ಮಾತಾಡುತ್ತಿದ್ದಳು. ಮುಗಿಯಿತು, ಮೂಗು ಮೊಂಡೋ ನೀಳವೋ ಅನ್ನುವ ತಕರಾರೇ ಇಲ್ಲ. ಎಂಥ ಸುಖ!

ಹಾಗಾಗಿ ಆ ಊರಿಗೆ ಇದ್ದದ್ದು ಒಂದೇ ಕಟ್ಟಳೆ. ದನಿಯೇ ಮನುಷ್ಯ. ಬಾಗಿಲಿಗೆ ಯಾರೇ ಬರಲಿ, ಒಳಗಿನಿಂದ "ಯಾರು?" ಅನ್ನಬೇಕು. ಬಂದವನು ಬಾಯಿ ಬಿಡಬೇಕು. ದನಿ ಗುರುತು ಸಿಕ್ಕರೆ ಒಳಗಿನವರು, "ಹೌದು, ನಮ್ಮವನೇ" ಅನ್ನಬೇಕು. ಅಂದರೆ ಅವನು ಅವನು. ಅನ್ನದಿದ್ದರೆ ಅವನು ಯಾರೂ ಅಲ್ಲ.

ಊರಿನ ನಿರ್ಧಾರಗಳೂ ಹಾಗೆಯೇ. ಕಟ್ಟೆಯ ಹತ್ತಿರ ಎಲ್ಲರೂ ಸೇರಬೇಕು. ಒಬ್ಬೊಬ್ಬರಾಗಿ ತಮ್ಮ ಮಾತನ್ನು ಹೇಳಬೇಕು. ಪಕ್ಕದಲ್ಲಿ ನಿಂತ ರಕ್ತಸಂಬಂಧಿ, "ಹೌದು, ನಮ್ಮವನೇ" ಅನ್ನಬೇಕು. ಆಗ ಆ ಮಾತು ಲೆಕ್ಕಕ್ಕೆ ಬಂತು.

ಈ ಊರಿಗೂ ಆಚೆ ದಡದ ಬಿಸಿಲೂರಿಗೂ ನಡುವೆ ನೀರು. ನೀರಿನ ಮೇಲೆ, ದಡದಿಂದ ದಡಕ್ಕೆ ಬಿಗಿದ ಒಂದು ಹಗ್ಗ. ಆ ಹಗ್ಗ ಹಿಡಿದು ಎಳೆದುಕೊಂಡೇ ದೋಣಿ ದಾಟಬೇಕು, ಮಂಜಿನಲ್ಲಿ ಬೇರೆ ದಿಕ್ಕು ತಿಳಿಯುವ ದಾರಿಯೇ ಇಲ್ಲ. ಹಾಗೆ ಎಳೆಯುವವನನ್ನು ಹಗ್ಗದವನು ಅನ್ನುತ್ತಿದ್ದರು.

ಬಿಸಿಲೂರಿನಲ್ಲಿ ನೆರಳು ಇರಲಿಲ್ಲ, ಕೆಲಸ ಇತ್ತು. ಅದಕ್ಕೇ ಮಂಜಿನೂರಿನವರು ಅಲ್ಲಿಗೆ ಹೋಗಿ ನೆಲೆಸುತ್ತಿದ್ದರು. ಹಾಗೆ ಹೋದವರಲ್ಲಿ ಒಬ್ಬ ಕೊಡೆಯವನು. ತನ್ನೂರಿನಲ್ಲಿ ಕೊಡೆ ಅನ್ನುವುದನ್ನೇ ಕಾಣದವನು ಅಲ್ಲಿ ಕೊಡೆ ಕಟ್ಟುವುದನ್ನು ಕಲಿತ, ಹರಿದದ್ದನ್ನು ಹೊಲಿಯುವುದನ್ನು ಕಲಿತ, ಬೀದಿಬೀದಿ ಕೂಗಿಕೊಂಡು ತಿರುಗಿದ. ಅವನ ಕೂಗು ಕೇಳಿ ಜನ ಗಟ್ಟಿಮುಟ್ಟಾದ ಕೊಡೆಯನ್ನೂ ಹೊರಗೆ ತರುತ್ತಿದ್ದರು ಅನ್ನುವುದು ಬಿಸಿಲೂರಿನಲ್ಲಿ ಪ್ರಸಿದ್ಧಿ. ಆ ಕೂಗು ಅವನ ಅಕ್ಕನಿಂದ ಬಂದದ್ದು. ಮಂಜಿನೂರಿನಲ್ಲಿ ಅವಳು ಮಂಡಕ್ಕಿ ಹುರಿದು ಮಾರುವವಳು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮಂಡಕ್ಕಿ ಕೂಗಿದವಳು. ಅವಳು ಮೊದಲರ್ಧ ಕೂಗಿದರೆ ಅವನು ಉಳಿದರ್ಧ ಕೂಗುತ್ತಿದ್ದ.

ಮೀಸೆ ಮೂಡುವ ಮೊದಲೇ ಹೋದವನು ಅವನು. ಮುಂದಿನ ವರ್ಷ ಊರಿಗೆ ಹೋಗಬೇಕು ಅಂದುಕೊಂಡ. ಆ ವರ್ಷ ಬಿಸಿಲು ಜೋರು, ಕೆಲಸ ಜೋರು. ಅದರ ಮುಂದಿನ ವರ್ಷ ಮದುವೆ. ಅದರ ಮುಂದಿನದ್ದು ಯಾಕೆ ತಪ್ಪಿತು ಅನ್ನುವುದು ಅವನಿಗೇ ಮರೆತುಹೋಗಿತ್ತು. ಹಗ್ಗ ಇತ್ತಲ್ಲ. ಹಗ್ಗ ಇರುವವರೆಗೆ ಯಾವತ್ತು ಬೇಕಾದರೂ ಹೋಗಬಹುದು ಅನ್ನುವ ಧೈರ್ಯ. ಆ ಧೈರ್ಯದಲ್ಲೇ ಎಷ್ಟೋ ಜನ ಹೋಗದೆ ಉಳಿದಿದ್ದಾರೆ.

ಹೋದವರಿಗೂ ಊರಿನ ನಿರ್ಧಾರದಲ್ಲಿ ಪಾಲಿತ್ತು. ಅದರ ಕ್ರಮ ಹೀಗೆ. ಬಿಸಿಲೂರಿನ ಕುಂಬಾರ ಕಿರಿಬಾಯಿಯ ಕುಡಿಕೆ ಮಾಡಿಕೊಡುತ್ತಿದ್ದ. ಹೇಳಬೇಕಾದ ಮಾತನ್ನು ಅದರೊಳಗೆ ಹೇಳಬೇಕು, ಬೇರೆ ಒಂದಕ್ಷರ ಸೇರಿಸಬಾರದು. ಹೇಳಿದ ಕೂಡಲೇ ಹಸಿಮಣ್ಣಿನಿಂದ ಬಾಯಿ ಮೆತ್ತಬೇಕು. ಮೆತ್ತಿದ ಗಳಿಗೆಯಿಂದ ಹೇಳಿದವನ ದನಿ ಅದರೊಳಗೆ. ಅವನು ಮೂಗ. ಹಗ್ಗದವನು ಕುಡಿಕೆಗಳನ್ನು ದಾಟಿಸಿ ಅವರವರ ನೆಂಟರ ಮನೆಗೆ ಕೊಡುತ್ತಿದ್ದ. ನೆಂಟರು ಅದನ್ನು ಕಟ್ಟೆಗೆ ತಂದು ಎಲ್ಲರೆದುರು ಕಲ್ಲಿಗೆ ಒಡೆಯಬೇಕು. ಒಡೆದಾಗ ಒಳಗಿನ ಮಾತು ಒಂದು ಸಲ, ಒಂದೇ ಸಲ, ಹೊರಗೆ ಕೇಳುತ್ತದೆ. ನೆಂಟರು, "ಹೌದು, ನಮ್ಮವನೇ" ಅನ್ನಬೇಕು. ಕುಡಿಕೆ ಒಡೆದ ಗಳಿಗೆಗೇ ಆಚೆ ದಡದಲ್ಲಿ ಅವನಿಗೆ ದನಿ ಮರಳುತ್ತದೆ.

ಆ ನಡುವಿನ ದಿನಗಳಲ್ಲಿ ಬಿಸಿಲೂರಿನಲ್ಲಿ ಮಂಜಿನೂರಿನವರಿದ್ದ ಬೀದಿಗೆ ಬೀದಿಯೇ ಮೂಕವಾಗುತ್ತಿತ್ತು. ಬಾಚಣಿಗೆ ಮಾರುವವಳು ತಟ್ಟೆ ಬಡಿಯುತ್ತಿದ್ದಳು, ಕೊಡೆಯವನು ಗಂಟೆ ಅಲ್ಲಾಡಿಸುತ್ತಿದ್ದ. ಕೊಡೆಯವನ ಹೆಂಡತಿ ಬಿಸಿಲೂರಿನಲ್ಲೇ ಹುಟ್ಟಿದವಳು, ಬಾಯಿ ಸ್ವಲ್ಪ ಚುರುಕು.

"ಆಹಾ, ಈಗ ನೋಡಿ ಮನೇಲಿ ಶಾಂತಿ!" ಅನ್ನುತ್ತಿದ್ದಳು. "ಸಾರಿಗೆ ಉಪ್ಪು ಹಾಕದಿದ್ರೂ ಸೊಲ್ಲಿಲ್ಲ. ನಿಮ್ಮೂರಿನೋರು ತಿಂಗಳಿಗೊಂದು ಸಲ ಏನಾದ್ರೂ ನಿರ್ಧಾರ ಮಾಡಬಾರದಾ ರೀ?"

ಅವನು ಕಣ್ಣು ಕೆಕ್ಕರಿಸುತ್ತಿದ್ದ. ಅವಳು ನಗುತ್ತಿದ್ದಳು. ಆಮೇಲೊಂದು ದಿನ, ರೊಟ್ಟಿ ಮುರಿಯುತ್ತಿರುವಾಗಲೋ ಸೂಜಿಗೆ ದಾರ ಪೋಣಿಸುತ್ತಿರುವಾಗಲೋ ದನಿ ಮರಳುತ್ತಿತ್ತು. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಒಬ್ಬೊಬ್ಬರೇ "ಬಂತು! ಬಂತು!" ಅಂತ ಕೂಗುತ್ತ ಹೊರಗೆ ಬರುತ್ತಿದ್ದರು. ಬೆಲ್ಲ ಹಂಚುತ್ತಿದ್ದರು. ತಮ್ಮ ಮಾತು ಊರಿನಲ್ಲಿ ಕೇಳಿತು, ನಮ್ಮವನೇ ಅಂದರು ಅನ್ನುವ ಹಿಗ್ಗು. ಯಾವ ಪಕ್ಷ ಗೆದ್ದಿತು ಅನ್ನುವುದು ಆಮೇಲಿನ ಮಾತು.

ಹೀಗಿರುವಾಗ ಮಂಜಿನೂರಿನಲ್ಲಿ ಒಂದು ಪ್ರಶ್ನೆ ಎದ್ದಿತು. ದೋಣಿ ಓಡಾಡಿ ಓಡಾಡಿ ಮಂಜು ತೆಳ್ಳಗಾಗುತ್ತಿದೆ ಅಂದರು ಕೆಲವರು. ಹೀಗೇ ಬಿಟ್ಟರೆ ಒಂದು ದಿನ ಒಬ್ಬರ ಮುಖ ಒಬ್ಬರಿಗೆ ಕಂಡುಬಿಡುತ್ತದೆ, ಆಗ ಮಾನಮರ್ಯಾದೆ ಏನಾಗಬೇಕು? ಹಗ್ಗ ಕಡಿದುಬಿಡೋಣ. ಹೋದವರು ಹೋದರು. ಬರುವವರಾಗಿದ್ದರೆ ಬರುತ್ತಿರಲಿಲ್ಲವೇ?

ಹಗ್ಗ ಇರಲಿ ಅಂತಲೋ, ಹಗ್ಗ ಬೇಡ ಅಂತಲೋ ಹೇಳಬೇಕಾಗಿತ್ತು. ಅಷ್ಟೇ.

ಕೊಡೆಯವನಿಗೆ ಆವತ್ತು ಅನ್ನ ಸೇರಲಿಲ್ಲ. ಕುಡಿಕೆ ತಂದು ಮುಂದಿಟ್ಟುಕೊಂಡು ಕೂತ.

"ಇಷ್ಟು ವರ್ಷ ಹಗ್ಗ ಇತ್ತು, ನೀವು ಹೋದದ್ದು ಯಾವಾಗ?" ಅಂದಳು ಹೆಂಡತಿ.

"ಈ ವರ್ಷ ಹೋಗ್ತೀನಿ ಕಣೇ. ನಿಜವಾಗ್ಲೂ. ದನಿ ಬಂದ ಮಾರನೇ ದಿನವೇ."

"ಹೋಗಿ. ನಿಮ್ಮಕ್ಕನ ಕೈಯ ಮಂಡಕ್ಕಿ ಒಂದು ಚೀಲ ತನ್ನಿ. ಹೊಗಳಿ ಹೊಗಳಿ ನನ್ನ ಕಿವಿ ತೂತಾಗಿದೆ, ಬಾಯಿಗೆ ಮಾತ್ರ ಒಂದು ಕಾಳೂ ಬಿದ್ದಿಲ್ಲ."

ಅವನು ನಕ್ಕು, ಕುಡಿಕೆಯನ್ನು ಬಾಯಿಯ ಹತ್ತಿರ ತಂದು, "ಹಗ್ಗ ಇರಲಿ" ಅಂದ. ಮಣ್ಣು ಮೆತ್ತಿದ. ಬಾಯಿ ಬಿಗಿಹಿಡಿದು ದಡದವರೆಗೆ ನಡೆದ. ಆ ಬೀದಿಯವರೆಲ್ಲ ಹಾಗೇ ನಡೆದರು. ಅಷ್ಟು ಕುಡಿಕೆ ಹಗ್ಗದವನು ಹಿಂದೆಂದೂ ದಾಟಿಸಿರಲಿಲ್ಲ. ಎಲ್ಲದರೊಳಗೂ ಒಂದೇ ಮಾತು.

ನಿರ್ಧಾರದ ದಿನ ಬಂತು. ಬೀದಿಯವರು ಮನೆ ಮುಂದೆ ಬೆಲ್ಲದ ತಟ್ಟೆ ಇಟ್ಟುಕೊಂಡು ಕೂತರು. ಮಧ್ಯಾಹ್ನ ದಾಟಿತು. ತೀರ ಕೆಲವರು, ಅಲ್ಲೊಬ್ಬ ಇಲ್ಲೊಬ್ಬ, "ಬಂತು" ಅಂದರು. ಅಂದು, ಸುತ್ತ ನೋಡಿ, ನಾಚಿಕೆಯಾದವರಂತೆ ಸುಮ್ಮನಾದರು. ಉಳಿದ ಬೀದಿಗೆ ಏನೂ ಬರಲಿಲ್ಲ. ಇರುವೆಗಳು ಬೆಲ್ಲಕ್ಕೆ ಮುತ್ತಿದವು.

ಬಿಸಿಲು ಇಳಿಯುವ ಹೊತ್ತಿಗೆ ಹಗ್ಗದವನು ದಾಟಿ ಬಂದ. ಬಂದವನೇ ಕೊಡೆಯವನ ಮನೆ ಜಗಲಿಯ ಮೇಲೆ ಕುಕ್ಕರಿಸಿದ. ಅವನ ದನಿ ಮೆಲ್ಲಗಿತ್ತು.

"ಹೋಯ್ತು ಕಣಯ್ಯಾ ಕೊಡೆಯವ್ನೇ. ಹೊತ್ತು ಮುಳುಗುತ್ತಲೇ ಕಡೀತಾರೆ. ಇದೇ ಕಡೇ ದೋಣಿ."

ಕೊಡೆಯವನು ತನ್ನ ಗಂಟಲನ್ನು ತೋರಿಸಿ, ಕೈ ತಿರುಗಿಸಿ, ಯಾಕೆ ಅಂತ ಕೇಳಿದ.

"ಕುಡಿಕೆ ಒಡೀಲಿಲ್ಲ. ಅದಕ್ಕೇ."

"ಯಾರು? ಹಗ್ಗ ಬೇಡ ಅನ್ನೋರು ಕಿತ್ಕೊಂಡ್ರಾ?" ಅಂದಳು ಹೆಂಡತಿ.

"ಅಯ್ಯೋ, ಕಿತ್ಕೊಂಡಿದ್ರೆ ಜಗಳ ಆಡಬಹುದಿತ್ತು ತಾಯಿ. ನೆಂಟರೇ ತರಲಿಲ್ಲ. ಕಟ್ಟೆಗೆ ಬಂದ್ರು, ಬರಿಗೈಲಿ ಬಂದ್ರು. ತಮ್ಮ ಬಾಯಿಂದ ಹಗ್ಗ ಇರಲಿ ಅಂದ್ರು. ಕುಡಿಕೆ ಎಲ್ಲಿ ಅಂದ್ರೆ ನೆಲ ಕೆದಕಿದ್ರು. ಈ ಕುಡಿಕೆ ಕಿವಿಗಿಟ್ಟುಕೊಂಡ್ರೆ ಒಳಗೆ ಗುಂಯ್ ಅನ್ನುತ್ತೆ, ಕೇಳಿದೀಯಾ? ಮಾತು ತಿಳಿಯಲ್ಲ. ಯಾರದು ಅನ್ನೋದು ತಿಳಿಯುತ್ತೆ. ಒಡೆದ್ರೆ ಒಂದು ಸಲ ಕೇಳಿ ಮುಗಿದೇ ಹೋಯ್ತು. ಹಗ್ಗ ಹೋದ್ರೆ ಇನ್ನೊಂದು ಕುಡಿಕೆ ಬರೋದುಂಟಾ? ಇದೇ ಕಡೇದಾಗಿಬಿಟ್ರೆ? ಅಂತ ಪ್ರತಿಯೊಬ್ಬರೂ ಯೋಚನೆ ಮಾಡಿದ್ರು. ನನ್ನದೊಂದು ಇಟ್ಕೋತೀನಿ, ಉಳಿದೋರು ಒಡೀತಾರಲ್ಲ, ಅಷ್ಟೊಂದು ಇದಾವಲ್ಲ. ಮನೆಮನೇಲೂ ಅದೇ ಮಾತು. ಯಾರ ಮೇಲೆ ಯಾರಿಗೂ ಪ್ರೀತಿ ಇರಲಿಲ್ವೋ ಅವರ ಕುಡಿಕೆ ಮಾತ್ರ ಒಡೀತು."

ಹೀಗಾಯಿತು ನೋಡಿ. ಹಗ್ಗ ಹೋಗುತ್ತದೆ ಅನ್ನುವ ಹೆದರಿಕೆಯೇ ಹಗ್ಗವನ್ನು ತಿಂದಿತು.

ಕೊಡೆಯವನು ಎದ್ದ. ಗೂಟದಲ್ಲಿದ್ದ ಅಂಗಿ ಎಳೆದುಕೊಂಡ. ದೋಣಿಯ ಕಡೆಗೆ ಕೈ ಮಾಡಿದ.

"ಹೋಗಿ ಏನು ಮಾಡ್ತೀಯ? ದನಿ ಇಲ್ಲದೋನ್ನ ಕಾವಲಿನೋರು ದಡದ ಅಡ್ಡಮರ ದಾಟಿಸ್ತಾರಾ?" ಅಂದ ಹಗ್ಗದವನು.

ಹೆಂಡತಿ ಗಂಡನ ಮುಖ ನೋಡಿದಳು. "ಕರ್ಕೊಂಡು ಹೋಗಣ್ಣಾ" ಅಂದಳು. "ಅಕ್ಕ ಎದುರಿಗೆ ಸಿಕ್ಕರೆ ಒಡೆದೇ ಒಡೀತಾಳೆ. ತಮ್ಮನೇ ಬಂದ ಮೇಲೆ ಕುಡಿಕೆ ಯಾರಿಗೆ ಬೇಕು?"

ಅವನು ಎಷ್ಟೋ ವರ್ಷಗಳಿಂದ ಮಾಡಬೇಕು ಅಂದುಕೊಂಡಿದ್ದ ಪ್ರಯಾಣವನ್ನು ಹಾಗೆ, ಕಾಲಿಗೆ ಚಪ್ಪಲಿಯೂ ಇಲ್ಲದೆ, ಕೈಯಲ್ಲಿ ಒಂದು ಗಂಟೆ ಹಿಡಿದು ಮಾಡಿದ. ನಡುನೀರು ದಾಟುತ್ತಲೇ ಮಂಜು ಬಂತು. ಮಂಜಿನ ವಾಸನೆ ಬಂತು. ಹಗ್ಗದವನು ಎಳೆದ, ಕೊಡೆಯವನೂ ಎಳೆದ. ಎಳೆದ, ಎಳೆದ. ದೋಣಿ ಮೆಟ್ಟಿಲಿಗೆ ತಗುಲಿತು. ಮೇಲಿನಿಂದ ಕಾವಲಿನವನ ದನಿ ಬಂತು.

"ಯಾರು?"

"ನಾನು, ಹಗ್ಗದವನು."

"ಹೌದು, ನಮ್ಮವನೇ. ಜೊತೇಲಿ ಇನ್ನೊಂದು ಉಸಿರು ಕೇಳ್ತಿದೆ. ಅದ್ಯಾರು?"

"ಕೊಡೆಯವನು. ಮಂಡಕ್ಕಿ ಅಕ್ಕನ ತಮ್ಮ."

"ಅವನಿಗೇ ಬಾಯಿ ಬಿಡೋಕೆ ಹೇಳು."

"ಅವನ ದನಿ ಕುಡಿಕೇಲಿದೆ ಮಾರಾಯ. ಒಡೆದಿಲ್ಲ."

"ಹಾಗಾದ್ರೆ ಅವನು ಕುಡಿಕೇಲಿದಾನೆ. ಇವನು ಬೇರೆ ಯಾರೋ." ಕಾವಲಿನವನು ಕೆಟ್ಟವನಲ್ಲ. ಕಟ್ಟಳೆ ಹಾಗಿತ್ತು, ಅವನು ಹಾಗೆ ಹೇಳಿದ. "ಬೇಕಾದ್ರೆ ಅಕ್ಕನ್ನ ಕೂಗ್ತೀನಿ. ಅವಳು ನಮ್ಮವನೇ ಅಂದ್ರೆ ನನ್ನದೇನೂ ಅಡ್ಡಿಯಿಲ್ಲ. ಬೇಗ ಆಗಲಿ, ಕೊಡಲಿಯವರು ಬಂದು ಕೂತಿದಾರೆ."

ಅಕ್ಕ ಬಂದಳು. ಮೊದಲು ಬಂದದ್ದು ಕಾದ ಮರಳಿನ ವಾಸನೆ, ಹುರಿದ ಅಕ್ಕಿಯ ವಾಸನೆ. ಕೊಡೆಯವನು ದೋಣಿಯಿಂದ ಇಳಿದು ಅಡ್ಡಮರದವರೆಗೆ ಬಂದ. ಆಮೇಲೆ ಬಂದದ್ದು ದನಿ. ಸ್ವಲ್ಪ ಸವೆದಿತ್ತು. ಅವಳದೇ.

"ಯಾರಪ್ಪಾ ನನ್ನ ಕರೆಸಿದ್ದು? ಒಲೆ ಮೇಲೆ ಬಾಣಲೆ ಬಿಟ್ಟು ಬಂದಿದೀನಿ."

"ಅಕ್ಕಾ, ನಾನು ಹಗ್ಗದವನು. ನಿನ್ನ ತಮ್ಮ ಬಂದಿದಾನೆ. ಇಲ್ಲೇ, ಅಡ್ಡಮರದ ಈಚೆ ನಿಂತಿದಾನೆ. ಕುಡಿಕೆ ಒಡಿ, ಈ ಗಳಿಗೇಲೇ ಮಾತಾಡ್ತಾನೆ."

ಸೆರಗಿನೊಳಗೆ ಮಣ್ಣಿಗೆ ಬಳೆ ತಗುಲಿದ ಸದ್ದಾಯಿತು. ಕುಡಿಕೆಯನ್ನು ಅವಳು ಜೊತೆಯಲ್ಲೇ ತಂದಿದ್ದಳು.

"ಬೆಳಿಗ್ಗೆಯಿಂದ ಇದೇ ಆಯ್ತು" ಅಂದಳು. "ಹಗ್ಗ ಬೇಕು ಅನ್ನೋರು ಒಬ್ಬರಾದ ಮೇಲೆ ಒಬ್ಬರು ಬಂದ್ರು. ಒಬ್ಬ ಅಂದ, ನಿನ್ನ ತಮ್ಮನಿಗೆ ಜ್ವರ, ದನಿ ಇಲ್ಲದೆ ವೈದ್ಯರಿಗೆ ಹೇಳೋಕಾಗ್ತಿಲ್ಲ, ಒಡಿ ಅಂತ. ಇನ್ನೊಬ್ಬ ಅಂದ, ಅವನೇ ಬಂದು ದೋಣೀಲಿ ಕೂತಿದಾನೆ ಅಂತ. ಬಿದ್ದೆನೋ ಕೆಟ್ಟೆನೋ ಅಂತ ಓಡಿಬಂದೆ. ಖಾಲಿ ದೋಣಿ. ಕೈಯಿಂದ ತಡವಿ ನೋಡಿದೆ ಕಣೋ, ಹಲಗೆ ಹಲಗೆ ತಡವಿದೆ. ಈಗ ನೀನೂ ಶುರು ಮಾಡಿದ್ಯಾ?"

"ನಾನು ಯಾವತ್ತಾದ್ರೂ ನಿನ್ನ ಹತ್ರ ಸುಳ್ಳು ಹೇಳಿದೀನಾ?"

"ಇಲ್ಲಪ್ಪ. ಆದ್ರೆ ಹಗ್ಗ ಹೋದ್ರೆ ನಿನ್ನ ಬದುಕೂ ಹೋಯ್ತಲ್ಲ. ಬದುಕು ಹೋಗೋವಾಗ ಯಾರು ಏನು ಹೇಳ್ತಾರೋ. ನೀನು ಬೇಡ, ಅವನೇ ಹೇಳಲಿ. ಪೂರ್ತಿ ಮಾತು ಬೇಡ. ಅಕ್ಕ ಅಂದ್ರೆ ಸಾಕು."

"ಅವನ ಅಕ್ಕ ಅನ್ನೋ ಮಾತು ನಿನ್ನ ಮಡಿಲಲ್ಲಿದೆ ತಾಯಿ!"

ಕೊಡೆಯವನು ಬಾಯಿ ತೆರೆದ. ಗಾಳಿ ಬಂತು, ಗಾಳಿ ಹೋಯಿತು. ಗಂಟೆ ಅಲ್ಲಾಡಿಸಿದ.

"ಗಂಟೆ ಯಾತಕ್ಕೆ? ನಮ್ಮವನು ಗಂಟೆ ಹಿಡಿದೋನಲ್ಲ. ಅವನು ಕೂಗಿದ್ರೆ ಗಂಟೆ ನಾಚ್ಕೋಬೇಕು."

ಅವನು ಗಂಟೆಯನ್ನು ಕೆಳಗೆ ಬಿಟ್ಟು, ಅಡ್ಡಮರದ ಮೇಲಿಂದ ಕೈ ಚಾಚಿದ. ಮಂಜಿನಲ್ಲಿ ತಡವಿದ. ಅವಳ ಕೈ ಸಿಕ್ಕಿತು. ಅವಳು ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಅಂಗೈ ಸವರಿದಳು. ಸೂಜಿ ಚುಚ್ಚಿ ಚುಚ್ಚಿ ಗಂಟುಕಟ್ಟಿದ ಹೆಬ್ಬೆರಳನ್ನು ಸವರಿದಳು. ಕೊಡೆಯ ಕಡ್ಡಿ ಬಗ್ಗಿಸಿ ಬಗ್ಗಿಸಿ ಸೊಟ್ಟಗಾದ ಬೆರಳುಗಳನ್ನು ಒಂದೊಂದಾಗಿ ಸವರಿದಳು.

"ಯಾರದೋ ದುಡಿದ ಕೈ ಕಣಪ್ಪ ಇದು" ಅಂದಳು ಅವಳು, ಮೆತ್ತಗೆ. "ನನ್ನ ತಮ್ಮನ ಕೈ ನನಗೆ ಗೊತ್ತಿಲ್ವಾ? ಬೆಣ್ಣೆ ಹಾಗಿತ್ತು. ಯಾರ ಮಗನೋ ಏನೋ, ಪಾಪ, ಇಷ್ಟೊಂದು ನಡುಗ್ತಿದಾನೆ. ಹಸಿದಿದ್ದೀಯಾ?"

ಸೊಂಟದ ಚೀಲದಿಂದ ಒಂದು ಹಿಡಿ ಮಂಡಕ್ಕಿ ತೆಗೆದು ಅವನ ಅಂಗೈಗೆ ಹಾಕಿದಳು. ಬೆರಳು ಮಡಿಸಿದಳು.

"ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ" ಅಂದ ಹಗ್ಗದವನು. "ಒಂದು ಸಲ ನಂಬು. ಒಡಿ."

ಅವಳು ಕುಡಿಕೆಯನ್ನು ಸೆರಗಿನಿಂದ ತೆಗೆದಳು. ಮೆಟ್ಟಿಲ ಕಲ್ಲಿನ ಮೇಲಕ್ಕೆ ಎತ್ತಿ ಹಿಡಿದಳು. ಎತ್ತಿದ ಕೈಯ ಬಳೆ ಮೊಣಕೈಗೆ ಜಾರಿದ್ದು ಕೇಳಿಸಿತು. ಬಿಡುವುದೊಂದೇ ಬಾಕಿ. ಕೊಡೆಯವನ ಗಂಟಲೊಳಗೆ ಏನೋ ಸಿದ್ಧವಾಗಿ ನಿಂತಿತ್ತು.

"ಒಡೆದ ಮೇಲೆ ಇವನಲ್ಲ ಅಂತಾದ್ರೆ?" ಅಂದಳು. ಯಾರನ್ನೂ ಕೇಳಿದ್ದಲ್ಲ ಅದು. "ಹಗ್ಗವೂ ಇಲ್ಲ, ಇದೂ ಇಲ್ಲ. ಆಮೇಲೆ ನಾನೇನು ಮಾಡಲಿ?"

ಬಳೆ ಮತ್ತೆ ಕೆಳಗೆ ಜಾರಿತು. ಕುಡಿಕೆ ಸೆರಗಿನೊಳಕ್ಕೆ ಹೋಯಿತು. ಅವಳು ಅದಕ್ಕೆ ಕಿವಿಯಿಟ್ಟು, ತೊಟ್ಟಿಲ ಮಗುವಿಗೆ ಅನ್ನುವ ಹಾಗೆ, "ಇಲ್ಲ ಮಗಾ, ಇಲ್ಲ, ಎಲ್ಲೂ ಕಳಿಸಲ್ಲ" ಅಂದಳು. ಕೊಡೆಯವನು ಅಡ್ಡಮರಕ್ಕೆ ಎದೆ ಒತ್ತಿ ಚಾಚಬಹುದಾದಷ್ಟೂ ಕೈ ಚಾಚಿದ. ಅವಳು ಹಿಂದೆ ಸರಿದಿದ್ದಳು. ಕಾದ ಮರಳಿನ ವಾಸನೆ ಮೆಟ್ಟಿಲು ಹತ್ತಿ ಹೋಯಿತು.

"ಹೊರಡಿ, ಹೊರಡಿ" ಅಂದ ಕಾವಲಿನವನು. "ಹೊತ್ತಾಯ್ತು. ನಡುನೀರಲ್ಲಿ ಸಿಕ್ಕಿಕೊಂಡೀರಿ."

ಅವರು ಎಳೆದರು. ಹಗ್ಗದವನು ಅಳುತ್ತ ಎಳೆದ. ತನ್ನೂರಿನಲ್ಲೇ ಉಳಿಯಬಹುದಾಗಿದ್ದವನು, ಒಬ್ಬನನ್ನು ಕರೆತಂದ ತಪ್ಪಿಗೆ ಅವನನ್ನು ಆಚೆ ದಡಕ್ಕೆ ಬಿಟ್ಟುಬರಲು ಹೊರಟವನು ಮತ್ತೆ ಹಿಂದಿರುಗಲಿಲ್ಲ. ಮಂಜು ಹರಿದು ಬಿಸಿಲೂರಿನ ಸಂಜೆ ಕಾಣುತ್ತಿದ್ದಂತೆ ಅವರ ಕೈಯೊಳಗಿನ ಹಗ್ಗ ಹಗುರವಾಯಿತು. ಸದ್ದೇನೂ ಆಗಲಿಲ್ಲ. ಬಿಗಿಯಾಗಿದ್ದದ್ದು ಸಡಿಲವಾಯಿತು, ಅಷ್ಟೇ. ಕೊಡೆಯವನು ದಡಕ್ಕೆ ಇಳಿದು ಆ ಹಗ್ಗವನ್ನು ಬಲಗೈಯಿಂದ ತನ್ನ ಕಡೆಗೆ ಎಳೆದುಕೊಂಡ. ಅದು ಬರುತ್ತಲೇ ಇತ್ತು. ಬಂದಷ್ಟೂ ಒದ್ದೆ. ಕಡೆಗೆ ಕೊಡಲಿ ಬಿದ್ದ ತುದಿ ಬಂತು. ಆಮೇಲೆ ಅವನು ಎಡಗೈ ಬಿಚ್ಚಿದ. ಮಂಡಕ್ಕಿ ಬೆವರಿಗೆ ಮೆತ್ತಗಾಗಿತ್ತು. ಅರ್ಧವನ್ನು ದಡದಲ್ಲಿ ಕಾಯುತ್ತಿದ್ದ ಹೆಂಡತಿಯ ಕೈಗೆ ಹಾಕಿದ. ಅವಳು ಬಾಯಿಗೆ ಹಾಕಿಕೊಂಡಳು.

ಆಮೇಲೆ ಬಿಸಿಲೂರಿನ ಆ ಬೀದಿ ಮೂಕವಾಗಿಯೇ ಬದುಕಿತು. ತಟ್ಟೆ ಬಡಿದು, ಗಂಟೆ ಅಲ್ಲಾಡಿಸಿ, ಕೈಸನ್ನೆ ಮಾಡಿ. ಒಂದು ದಿನ ಸಂತೆಯ ನಡುವೆ ಬಾಚಣಿಗೆಯವಳಿಗೆ ಇದ್ದಕ್ಕಿದ್ದಂತೆ ದನಿ ಬಂತು. ಕುಣಿದಾಡಿಬಿಟ್ಟಳು. "ಬಂತು! ಬಂತು!" ಜನ ಸೇರಿದರು. ಯಾರೋ ಬೆಲ್ಲ ತರಲು ಓಡಿದರು. ಕುಣಿಯುತ್ತಿದ್ದವಳು ನಿಂತಳು.

"ಹಾಗಾದ್ರೆ ಕುಡಿಕೆ ಒಡೀತು" ಅಂದಳು. "ನಮ್ಮವ್ವ ಅದನ್ನ ಕೈಯಿಂದ ಕೆಳಗಿಳಿಸೋಳಲ್ಲ. ಕೈ... ಕೈ ಏನಾಯ್ತು?"

ಬೆಲ್ಲ ತರಲು ಹೋದವರು ಅರ್ಧ ದಾರಿಯಿಂದ ಹಿಂದಿರುಗಿದರು. ನೆರೆಯವಳೊಬ್ಬಳು, ಸಾವಿನ ಸುದ್ದಿ ಕೇಳಿದವರಿಗೆ ಹೊಯ್ಯುವ ಹಾಗೆ, ಒಂದು ಬಿಂದಿಗೆ ನೀರು ತಂದು ಬಾಚಣಿಗೆಯವಳ ತಲೆಯ ಮೇಲೆ ಹೊಯ್ದಳು. ಅಂದಿನಿಂದ ಅದೇ ರೂಢಿಯಾಯಿತು. ಆ ಬೀದಿಯಲ್ಲಿ ಯಾರಿಗಾದರೂ ದನಿ ಬಂದರೆ ಯಾರೂ ಮಾತಾಡಿಸುವುದಿಲ್ಲ. ನೀರು ತಂದು ಹೊಯ್ಯುತ್ತಾರೆ.

ಕೊಡೆಯವನ ಬೆಳಗುಗಳು ಬದಲಾದವು. ಎದ್ದ ಕೂಡಲೇ ಹಾಸಿಗೆಯ ಮೇಲೆ ಕೂತು ಬಾಯಿ ತೆರೆಯುತ್ತಿದ್ದ. ಅಕ್ಕ ಅನ್ನಲು ನೋಡುತ್ತಿದ್ದ. ಏನೂ ಬರುತ್ತಿರಲಿಲ್ಲ. ಅವನ ಮುಖ ಅರಳುತ್ತಿತ್ತು. ಒಲೆಯ ಮುಂದಿನಿಂದ ಹೆಂಡತಿ, ತಿರುಗದೆಯೇ, "ಇಲ್ಲ ತಾನೇ?" ಅನ್ನುತ್ತಿದ್ದಳು. ಅವನು ಮಂಚದ ಮರವನ್ನು ತಟ್ಟುತ್ತಿದ್ದ. ಇಲ್ಲ. "ಸದ್ಯ" ಅಂದು ಅವಳು ಕಷಾಯ ಸೋಸುತ್ತಿದ್ದಳು. ಗಂಡನ ಮೂಕತನವನ್ನು ಆಡಿಕೊಳ್ಳುವುದನ್ನು ಅವಳು ಬಿಟ್ಟಿದ್ದಳು. ದೇವರ ಮುಂದೆ ದೀಪ ಹಚ್ಚಿ, ನನ್ನ ಗಂಡನಿಗೆ ಮಾತು ಬಾರದಿರಲಿ ಅಂತ ಕೈಮುಗಿಯುವ ಹೆಂಗಸನ್ನು ನೀವು ಬೇರೆಲ್ಲೂ ಕಂಡಿರಲಾರಿರಿ.

ಮುಂಗಾರು ಹೋಗಿ ಬಿಸಿಲು, ಬಿಸಿಲು ಹೋಗಿ ಮುಂಗಾರು. ಕೊಡೆಗಳು ಹರಿದವು, ಹೊಲಿದ. ಮತ್ತೆ ಹರಿದವು, ಮತ್ತೆ ಹೊಲಿದ. ಅವನ ಗಡ್ಡ ಬೆಳ್ಳಗಾಯಿತು. ದಿನವೂ ಬೆಳಿಗ್ಗೆ ಬಾಯಿ ತೆರೆದ, ದಿನವೂ ಏನೂ ಬರಲಿಲ್ಲ. ಅಲ್ಲೊಂದು ಮನೆಯ ಮುಂದೆ ಇಲ್ಲೊಂದು ಮನೆಯ ಮುಂದೆ ನೀರು ಹೊಯ್ದ ಸದ್ದಾಗುತ್ತಿತ್ತು. ಆಗೆಲ್ಲ ಅವನು ತನ್ನ ಗಂಟಲನ್ನು ಕೈಯಿಂದ ಹಿಡಿದುಕೊಳ್ಳುತ್ತಿದ್ದ, ಒಳಗಿರುವ ಏನೋ ಓಡಿಹೋಗದಿರಲಿ ಅನ್ನುವ ಹಾಗೆ.

ಒಂದು ಮಧ್ಯಾಹ್ನ ಯಾರದೋ ಮನೆಯ ಜಗಲಿಯ ಮೇಲೆ ಕೂತು ಕರಿಬಟ್ಟೆಗೆ ತೇಪೆ ಹಾಕುತ್ತಿದ್ದ. ಸೂಜಿ ಹೆಬ್ಬೆರಳಿಗೆ ಚುಚ್ಚಿತು. "ಹಾ" ಅಂದ.

ಸಣ್ಣ ಸದ್ದು. ಕೊಡೆ ಕೊಟ್ಟಿದ್ದ ಹೆಂಗಸು ಒಳಗಿನಿಂದ ತಲೆ ಹೊರಹಾಕಿ ನೋಡಿದಳು. ಅವನೂ ಅವಳನ್ನು ನೋಡಿದ. ಅವಳು ಬಚ್ಚಲ ಕಡೆಗೆ ಹೋಗಲು ತಿರುಗಿದಳು. ಅವನು ಬೇಡ ಬೇಡ ಅಂತ ಕೈಯಾಡಿಸಿದ. ಅರ್ಧ ಹೊಲಿದ ಕೊಡೆಯನ್ನು ಅಲ್ಲೇ ಬಿಟ್ಟ. ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದು ಮನೆಯ ಕಡೆ ನಡೆದ. ಮಾತಾಡದಿದ್ದರೆ ಬಂದಿಲ್ಲ ಅಂತಲೇ ಆಗುತ್ತದೆ ಅಂದುಕೊಂಡವನ ಹಾಗೆ ನಡೆದ. ಎದುರಿಗೆ ಸಿಕ್ಕವರು ಕೈಯೆತ್ತಿದರೆ ಕೈಯೆತ್ತಿದ. ಮನೆಗೆ ಬಂದು ಹೊಸ್ತಿಲ ಮೇಲೆ ಕೂತ.

ಹೆಂಡತಿ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಗಂಡನನ್ನು ಕಂಡು ಕೈ ನಿಲ್ಲಿಸಿದಳು. ಬೆಳಿಗ್ಗೆ ಕೇಳಿದ್ದನ್ನೇ ಮತ್ತೊಮ್ಮೆ ಕೇಳಿದಳು.

"ಇಲ್ಲ ತಾನೇ?"

ತಟ್ಟಲು ಪಕ್ಕದಲ್ಲಿ ಬಾಗಿಲ ಚೌಕಟ್ಟಿತ್ತು. ತಟ್ಟಬಹುದಾಗಿತ್ತು.

"ಬಂತು ಕಣೇ" ಅಂದ.

ಎಷ್ಟೋ ವರ್ಷಗಳ ಮೇಲೆ ಗಂಡನ ದನಿ ಕೇಳಿದವಳು ಅವಳು. ಹಗ್ಗ ಇರಲಿ ಅಂದ ದಿನದ ದನಿಯಂತೆಯೇ ಇತ್ತು ಅದು. ಕುಡಿಕೆಯಲ್ಲಿದ್ದದ್ದಕ್ಕೆ ವಯಸ್ಸಾಗಿರಲಿಲ್ಲ.

"ಮನಸ್ಸು ಬದಲಾಯಿಸಿ ಒಡೆದಿರಬಹುದಲ್ಲ ರೀ?" ಅಂದಳು. "ಮುಪ್ಪಿನಲ್ಲಿ ಮನಸ್ಸು ಮೆತ್ತಗಾಗುತ್ತೆ. ತಮ್ಮ ಮಾತಾಡಿಕೊಂಡಿರಲಿ ಅಂತ..."

"ನಮ್ಮಕ್ಕನಾ? ಕೈಯಲ್ಲಿ ಒಂದು ಚೂರು ಬಿಸಿ ಇರೋವರೆಗೂ ಅದನ್ನ ಬಿಡೋಳಲ್ಲ ಕಣೇ ಅವಳು."

ಅವಳು ಮೊರ ಬದಿಗಿಟ್ಟು ಎದ್ದಳು. ಬಾವಿಗೆ ಬಿಂದಿಗೆ ಇಳಿಸಿದ ಸದ್ದು ಅವನಿಗೆ ಕೇಳಿಸಿತು.

ಆವತ್ತು ಶ್ರಾವಣ ಶುದ್ಧ ಪಂಚಮಿ, ಶುಕ್ರವಾರ. ಅಕ್ಕತಂಗಿಯರು ಅಣ್ಣತಮ್ಮಂದಿರ ಬೆನ್ನಿಗೆ ಹಾಲೆರೆದು ತಣ್ಣಗಿರು ಅಂತ ಹರಸುವ ದಿನ.